ಅಕ್ಯುಪಂಕ್ಚರ್: ಪದದ ಅರ್ಥ ಮತ್ತು ಮೂಲ

ಶಹಾಬಾದ ಸೀಮೆಯಲ್ಲಿ ‘ಸೂಜಿ ಮಾಡಿಸಿಕೊಂಡೆ’ ಎಂದರೆ ಇಂಜೆಕ್ಷನ್ ಎಂದೇ ಅರ್ಥ. ಆದ್ದರಿಂದ ‘ಸೂಜಿ ಚಿಕಿತ್ಸೆ’ ಎಂಬ ಮಾತು ಕಿವಿಗೆ ಬಿದ್ದೊಡನೆ, ಕಲ್ಲಿನ ಗಣಿಯಲ್ಲಿ ದುಡಿದು ಸೊಂಟ, ಮೊಣಕಾಲು ನೋಯಿಸಿಕೊಂಡವರು ‘ಅದರಲ್ಲಿ ಯಾವ ಔಷಧಿ ಇರುತ್ತದೆ?’ ಎಂದು ಕೇಳುವುದು ಸಹಜ. ಇದಕ್ಕೆ ಉತ್ತರ ಪದದಲ್ಲಿಯೇ ಇದೆ.

ಲ್ಯಾಟಿನ್ ಭಾಷೆಯಲ್ಲಿ ‘ಅಕುಸ್’ ಎಂದರೆ ಸೂಜಿ. ‘ಪಂಕ್ಚುರಾ’ ಎಂದರೆ ಚುಚ್ಚುವಿಕೆ. ಎರಡೂ ಕೂಡಿದಾಗ ‘ಸೂಜಿಯಿಂದ ಚುಚ್ಚುವುದು’ ಎಂದಷ್ಟೇ ಅರ್ಥ. ಔಷಧಿಯ ಮಾತು ಅಲ್ಲಿಲ್ಲ. ಈ ಸೂಜಿಯು ಬಹು ತೆಳುವಾದುದು, ಒಳಗೆ ರಂಧ್ರವಿಲ್ಲದ್ದು. ಸೈಕಲ್ ಗಾಲಿಯ ‘ಪಂಕ್ಚರ್’ ಸಹ ಇದೇ ಮೂಲದ ಪದ.

ಚಿಕಿತ್ಸೆ ಚೀನಾ ದೇಶದ್ದು, ಹೆಸರು ಯುರೋಪಿನದು. ಜಪಾನಿನ ನಾಗಸಾಕಿಯಲ್ಲಿ ಸೇವೆ ಸಲ್ಲಿಸಿದ್ದ ಡಚ್ ವೈದ್ಯ ವಿಲ್ಲೆಮ್ ಟೆನ್ ರೈನೆ 1683ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದ ಮೂಲಕ ‘ಅಕ್ಯುಪಂಕ್ಚುರಾ’ ಎಂಬ ಪದ ಯುರೋಪಿನಲ್ಲಿ ಪ್ರಚಾರಕ್ಕೆ ಬಂದಿತು. ಚೀನೀಯರು ಇದನ್ನು ‘ಝೆನ್‌ಜಿಯು’ ಎನ್ನುತ್ತಾರೆ. ‘ಝೆನ್’ ಎಂದರೆ ಸೂಜಿ. ‘ಜಿಯು’ ಎಂದರೆ ದವನದ ಕುಲಕ್ಕೆ ಸೇರಿದ ಗಿಡದ ಒಣ ಎಲೆಯನ್ನು ಉರಿಸಿ ಶಾಖ ಕೊಡುವುದು. ಯುರೋಪಿನ ಹೆಸರಿನಲ್ಲಿ ಸೂಜಿ ಉಳಿಯಿತು, ಶಾಖ ಬಿಟ್ಟುಹೋಯಿತು. ‘ಅಕ್ಯುಪ್ರೆಶರ್’ ಎಂಬಲ್ಲಿ ಇದಕ್ಕೆ ವಿಪರೀತ: ಅಲ್ಲಿ ಬೆರಳಿನ ಒತ್ತಡ ಮಾತ್ರ ಉಂಟು; ಸೂಜಿ ಹೆಸರಿನಲ್ಲಷ್ಟೇ ಇದೆ.

1938ರಲ್ಲಿ ಭಾರತದಿಂದ ಚೀನಾಕ್ಕೆ ತೆರಳಿದ ಐವರು ವೈದ್ಯರಲ್ಲಿ ನಮ್ಮ ರೈಲುಮಾರ್ಗದಲ್ಲಿಯೇ ಇರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರೂ ಒಬ್ಬರು. ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸಂಗಡಿಗ ಡಾ. ಬಿಜಯಕುಮಾರ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು, 1959ರ ಸುಮಾರಿಗೆ ಕೊಲ್ಕತ್ತಾದಲ್ಲಿ ಚಿಕಿತ್ಸೆ ಆರಂಭಿಸಿದರು.

ಪದದ ಅರ್ಥವೇ ಚಿಕಿತ್ಸೆಯ ಮಿತಿಯನ್ನೂ ತಿಳಿಸುತ್ತದೆ. ಬಹುಕಾಲದ ಸೊಂಟನೋವು, ಮೊಣಕಾಲು ನೋವುಗಳಲ್ಲಿ ಕೆಲವರಿಗೆ ಇದರಿಂದ ಉಪಶಮನ ದೊರೆಯುತ್ತದೆ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ವೈದ್ಯರು ಕೊಟ್ಟ ಗುಳಿಗೆಗಳಿಗೆ ಇದು ಬದಲಿಯಲ್ಲ, ಅವನ್ನು ನಿಲ್ಲಿಸಬಾರದು. ತರಬೇತಿ ಪಡೆದವರಲ್ಲಿಯೇ ಚಿಕಿತ್ಸೆ ಪಡೆಯಬೇಕು. ನಂಜುರಹಿತ ಹೊಸ ಸೂಜಿಯ ಪೊಟ್ಟಣವನ್ನು ತಮ್ಮೆದುರೇ ಒಡೆಯುವಂತೆ ಕೇಳಬೇಕು. ಒಬ್ಬರಿಗೆ ಬಳಸಿದ ಸೂಜಿಯಿಂದ ಮತ್ತೊಬ್ಬರಿಗೆ ಕಾಮಾಲೆಯಂತಹ ರೋಗ ಅಂಟಬಹುದು. ಗರ್ಭಿಣಿಯರೂ ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರೂ ಅದನ್ನು ಮೊದಲೇ ತಿಳಿಸಬೇಕು. ‘ಜಿಯು’ ಶಾಖವನ್ನು ನೆಪಮಾಡಿ ಹಸುಗೂಸಿಗೆ ಬರೆ ಹಾಕುವುದಂತೂ ಎಂದಿಗೂ ಸಲ್ಲದು.

ಕಾಯಕಕ್ಕೆ ಕಾಯವೇ ಆಧಾರ. ಅದನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂಬ ಅರಿವು ಮೊದಲು ಇರಲಿ.