ಎರಡು ದಾರಿ ಇದ್ದರೆ ಸಾಕಾ? ಸಾಸಲಿನ ಒಂದು ಲೆಕ್ಕ

ಲ್ಯಾಬ್‌ನಲ್ಲಿ ಎರಡು ರೂಟರ್‌ಗಳ ನಡುವೆ ಇನ್ನೊಂದು ಕೇಬಲ್ ಹಾಕಿದ ಕೂಡಲೇ ನಾವೆಲ್ಲ ಕೇಳೋದು ಒಂದೇ: "ಸ್ಪೀಡ್ ಡಬಲ್ ಆಗುತ್ತಾ?" ಬನ್ನಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯನ್ನು ಇಟ್ಟುಕೊಂಡು ಉತ್ತರ ಹುಡುಕೋಣ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಈಗಿನ ಭಾರತ್‌ನೆಟ್. ಮೊದಲ ಹಂತದ ಜಾಲ ಬಹುಪಾಲು ಲೀನಿಯರ್. ಅಂಥ ಜಾಲದಲ್ಲಿ ಜೆಸಿಬಿ ಒಂದು ಕಡೆ ಕೇಬಲ್ ಕಿತ್ತರೆ ಅದರಾಚೆಯ ಊರುಗಳೆಲ್ಲ ಆಫ್‌ಲೈನ್. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆ ಇದನ್ನು ರಿಂಗ್ ಮಾಡಲು ಹೊರಟಿದೆ. ಅಂದರೆ ಪ್ರತಿ ಪಂಚಾಯಿತಿಗೂ ಎರಡು ದಿಕ್ಕಿನಿಂದ ದಾರಿ.

ಲೆಕ್ಕಕ್ಕೆ ಒಂದು ರಿಂಗ್ ಊಹಿಸಿಕೊಳ್ಳಿ: ದೊಡ್ಡಬಳ್ಳಾಪುರದ ರೂಟರ್, ಸುತ್ತ ಐದು ಪಂಚಾಯಿತಿ ರೂಟರ್‌ಗಳು, ಪ್ರತಿ ಲಿಂಕಿನ ಕಾಸ್ಟ್ 10. ಸಾಸಲು ಮೂರನೆಯದಾದರೆ ಎರಡೂ ಕಡೆಯಿಂದ 30. ಆಗ ಓಎಸ್‌ಪಿಎಫ್ ಎರಡೂ ದಾರಿಯನ್ನು ಟೇಬಲ್‌ಗೆ ಹಾಕುತ್ತೆ. ಇದೇ ಇಸಿಎಂಪಿ, ಅಂದರೆ ಸಮಾನ ವೆಚ್ಚದ ಬಹುಮಾರ್ಗ.

ಹಾಗಂತ ಪ್ಯಾಕೆಟ್‌ಗಳನ್ನು ಒಂದು ಅತ್ತ, ಒಂದು ಇತ್ತ ಅಂತ ಹಂಚಲ್ಲ. ಹಂಚಿದರೆ ಅವು ಹಿಂದುಮುಂದಾಗಿ ತಲುಪುತ್ತವೆ. ಟಿಸಿಪಿ ಅದನ್ನು ಪ್ಯಾಕೆಟ್ ಕಳೆದುಹೋಯ್ತು ಅಂದ್ಕೊಂಡು ವೇಗ ತಗ್ಗಿಸುತ್ತೆ. ಅದಕ್ಕೇ ರೂಟರ್ ಎರಡು ಐಪಿ ವಿಳಾಸ, ಎರಡು ಪೋರ್ಟ್, ಪ್ರೊಟೊಕಾಲ್ ಇವುಗಳ ಹ್ಯಾಶ್ ತೆಗೆದು, ಒಂದು ಫ್ಲೋ ಪೂರ್ತಿ ಒಂದೇ ದಾರಿಯಲ್ಲಿ ಕಳಿಸುತ್ತೆ. ನೂರಾರು ಜನ ಬಳಸಿದರೆ ಹಂಚಿಕೆ ಸರಿಸುಮಾರು ಸಮ. ಆದರೆ ನಿಮ್ಮೊಬ್ಬರ ಒಂದು ಡೌನ್‌ಲೋಡ್ ಡಬಲ್ ವೇಗ ಪಡೆಯಲ್ಲ.

ಈಗ ಸಾಸಲನ್ನು ಎರಡನೆಯ ಸ್ಥಾನಕ್ಕೆ ತನ್ನಿ. ಒಂದು ಕಡೆ 20, ಇನ್ನೊಂದು ಕಡೆ 40. ಓಎಸ್‌ಪಿಎಫ್ ಎಲ್ಲವನ್ನೂ 20ರ ದಾರಿಗೇ ಹಾಕುತ್ತೆ. "ಅರ್ಧ ಆ ಕಡೆ ಕಳಿಸಿದರೆ ಏನು?" ಅಂತ ಕೇಳಬಹುದು. ಪಕ್ಕದ ಮೂರನೇ ರೂಟರ್‌ಗೆ ಎರಡೂ ಕಡೆ 30 ತಾನೇ? ಅದು ಆ ಫ್ಲೋಗಳಲ್ಲಿ ಕೆಲವನ್ನು ಸಾಸಲಿಗೇ ವಾಪಸ್ ಕಳಿಸೀತು. ಅಲ್ಲಿಗೆ ಲೂಪ್! ಉದ್ದದ ದಾರಿಯನ್ನೂ ಬಳಸಬೇಕಾದರೆ ಎಂಪಿಎಲ್‌ಎಸ್ ಟನಲ್ ಹಾಕಿ ಪೂರ್ತಿ ಮಾರ್ಗವನ್ನು ಮೊದಲೇ ಗೊತ್ತುಮಾಡಬೇಕು.

ಕೊನೆಗೊಂದು ಎಚ್ಚರಿಕೆ. ಸಮ ಸಾಮರ್ಥ್ಯದ ಎರಡು ದಾರಿಗಳೂ 60% ತುಂಬಿವೆ ಅನ್ನಿ. ಒಂದು ಕಡಿದ ದಿನ ಉಳಿದದ್ದರ ಮೇಲೆ 120% ಬೀಳುತ್ತೆ. ರಿಂಗ್ ಇದ್ದೂ ಪಂಚಾಯಿತಿ ಕಚೇರಿಯ ಮುಂದೆ ಜನ ಕಾಯೋದು ತಪ್ಪಲ್ಲ. ಹಾಗಾಗಿ ಎರಡನೇ ದಾರಿಯನ್ನು ಬಳಸಿ, ಆದರೆ ಎರಡರ ಒಟ್ಟು ಹೊರೆ ಒಂದೇ ದಾರಿ ಹೊರುವಷ್ಟಿರಲಿ. ಮುಂದಿನ ಸಲ ಸಿಮ್ಯುಲೇಟರ್‌ನಲ್ಲಿ ರಿಂಗ್ ಕಟ್ಟಿದಾಗ ಒಂದು ಲಿಂಕ್ ಕಿತ್ತು ನೋಡಿ, ನಿಮಗೇ ಗೊತ್ತಾಗುತ್ತೆ.