ಲೋಳೆಸರಕ್ಕೆ ದಿನಾ ನೀರು ಬೇಡ

ಸಾಸಲಿನ ಸೋದರಿಗೆ,

ನಿಮ್ಮ ಲೋಳೆಸರದ ಎಲೆಗಳು ಬುಡದಲ್ಲಿ ಮೆತ್ತಗಾಗಿ ಕಂದುಬಣ್ಣಕ್ಕೆ ತಿರುಗಿವೆ ಎಂದರೆ ಬೇರು ಕೊಳೆಯುತ್ತಿದೆ. ದಿನಾ ನೀರು ಹಾಕಿದ್ದೇ ಕಾರಣ. ದೃಷ್ಟಿ ತಾಕದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು, ನೀರು ಎರಡೂ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ನೋಡಿರುತ್ತೀರಿ. ಎಲೆಯೊಳಗೇ ನೀರು ಕೂಡಿಟ್ಟುಕೊಂಡು, ಎಲೆಯ ಸಣ್ಣ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವ ಗಿಡ ಅದು.

ಈಗಲೇ ಕುಂಡದಿಂದ ಕಿತ್ತು, ಕಪ್ಪಾದ ಬೇರುಗಳನ್ನು ಶುಭ್ರವಾದ ಚಾಕುವಿನಿಂದ ಕತ್ತರಿಸಿ. ನೆರಳಲ್ಲಿ 3–4 ದಿನ ಒಣಗಲಿ. ಗಾಯ ಆರದೆ ನೆಡಲೇಬೇಡಿ. ಬರೀ ಕೆಂಪು ಮಣ್ಣು ತುಂಬಿದರೆ ಕುಂಡದಲ್ಲಿ ಗಟ್ಟಿಯಾಗುತ್ತದೆ. ಅರ್ಧ ಮಣ್ಣಿಗೆ ಅರ್ಧ ದಪ್ಪ ಮರಳು, ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಸಾಕು. ತಳದಲ್ಲಿ ತೂತಿರುವ ಮಣ್ಣಿನ ಕುಂಡವೇ ನನಗೆ ಇಷ್ಟ, ಬೇಗ ಒಣಗುತ್ತದೆ. ನೆಟ್ಟು ಒಂದು ವಾರ ನೀರು ಹಾಕಬೇಡಿ. ಆಮೇಲೆ ಬೆರಳಿಟ್ಟು ನೋಡಿ, 2 ಅಂಗುಲ ಆಳಕ್ಕೂ ಒಣಗಿದ್ದರೆ ಮಾತ್ರ ಕೊಡಿ. ಮಳೆಗಾಲದಲ್ಲಿ ಸೂರಿನ ನೀರು ಬೀಳದ, ಬೆಳಕಿರುವ ಜಾಗದಲ್ಲಿಡಿ.

ಬುಡದ ಮರಿಗಳು ಗಟ್ಟಿಯಾಗಿದ್ದರೆ ಇವತ್ತೇ ಬೇರೆ ಮಾಡಿ, ಗಾಯ ಆರಿದ ಮೇಲೆ ನೆಡಿ. ತಾಯಿಗಿಡ ಹೋದರೂ ಅವು ಉಳಿಯುತ್ತವೆ. ಅನುಮಾನವಿದ್ದರೆ ನಿಮ್ಮ ತಾಲ್ಲೂಕಿನದೇ ಆದ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡವನ್ನೇ ಒಯ್ದು ತೋರಿಸಿ.