ಕೆಸರಿಗಿಳಿಯುವ ಮುನ್ನ ಪಾಲಿಸಿ ಓದಿ

ಸೈಕ್ಲೋಕ್ರಾಸ್ ಎಂದರೇನು ಎಂದು ವಿವರಿಸಿ ಮುಗಿಸುವ ಮೊದಲೇ ಬರುವ ಪ್ರಶ್ನೆ, ‘ಸೈಕಲ್ ಎಷ್ಟಾಗುತ್ತೆ?’ ಜಯನಗರದ ಅಂಗಡಿಗಳಲ್ಲಿ ವಿಚಾರಿಸಿದರೆ ಲಕ್ಷದ ಮಾತು ಬರುತ್ತದೆ. ಅಲ್ಲಿಗೆ ಕೆಲವರು ಆಸೆ ಬಿಡುತ್ತಾರೆ, ಕೆಲವರು ಇಎಂಐ ಕೇಳುತ್ತಾರೆ. ಇಬ್ಬರ ಮೇಲೂ ನನಗೆ ತಕರಾರಿದೆ.

ಸೈಕ್ಲೋಕ್ರಾಸ್ ಯುರೋಪಿನ ಚಳಿಗಾಲದ ಆಟ. ಫ್ರಾನ್ಸ್‌ನಲ್ಲಿ 1902ರಲ್ಲೇ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಿತ್ತು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ, ಪ್ಯಾರಿಸ್‌ನಲ್ಲಿ. ಸುಮಾರು ಮೂರು ಕಿಲೋಮೀಟರಿನ ಸುತ್ತು, ಕೆಸರು, ಹುಲ್ಲು, ಮೆಟ್ಟಿಲು. ಅಡ್ಡಹಲಗೆ ಬಂದರೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. ದೊಡ್ಡ ರೇಸುಗಳಲ್ಲಿ ಟೈರು 33 ಮಿ.ಮೀ.ಗಿಂತ ದಪ್ಪ ಇರುವಂತಿಲ್ಲ. ಸೈಕಲ್ಲಿಗೆ ಕೆಸರು ಮೆತ್ತಿಕೊಂಡರೆ ಪಿಟ್‌ನಲ್ಲಿ ಇನ್ನೊಂದು ತೊಳೆದು ಸಿದ್ಧವಾಗಿರುತ್ತದೆ. ಆ ಲೆಕ್ಕವನ್ನು ಬನಶಂಕರಿಯ ಸಂಬಳದಾರನ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಮ್ಮಲ್ಲಿ ಹೊಸಬರಿಗೆ ಸಿಗುವ ಬಾಗಿಲು ಕ್ಲಬ್ಬುಗಳು ನಡೆಸುವ ಮಣ್ಣುಹಾದಿಯ ರೇಸು. ನಾನು ಇಳಿದದ್ದೂ ಅಂಥದ್ದಕ್ಕೇ, ಕನಕಪುರ ರಸ್ತೆಯಾಚೆ. ಮನೆಯಲ್ಲಿ ಹೇಳಿದಾಗ ಬಂದ ಮಾತು: ‘ರೀ, ಗೆದ್ರೆ ಎಷ್ಟು ಕೊಡ್ತಾರೆ?’ ಮೆಡಲ್ ಕೊಡ್ತಾರೆ ಎಂದೆ. ‘ಮತ್ತೆ ದುಡ್ಡು ನಾವೇ ಕಟ್ಬೇಕಾ?’ ಹಣಕಾಸು ಅಂಕಣ ಬರೆಯಬೇಕಾದವಳು ನಿಜವಾಗಿ ಅವಳೇ.

ಸೈಕಲ್ ಹೊಸದು ಕೊಳ್ಳಲಿಲ್ಲ. ಮನೆಯಲ್ಲಿದ್ದ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಳೆಯ ಮೌಂಟನ್ ಬೈಕೇ (ಎಂಟಿಬಿ) ಸಾಕಾಯಿತು. ಪ್ರವೇಶ ಶುಲ್ಕ 700, ಸರ್ವಿಸ್ 900, ಕೇಬಲ್ಲು ಮತ್ತು ಬ್ರೇಕ್ ಪ್ಯಾಡಿಗೆ 650, ಹೆಲ್ಮೆಟ್ಟಿಗೆ 2,200. ಜೆ.ಪಿ. ನಗರದ ಮೆಕ್ಯಾನಿಕ್ ಹುಡುಗ ಬಲವಂತ ಮಾಡಿ ಕೊಡಿಸಿದ್ದು ಇನ್ನೊಂದು ವಸ್ತು: 450 ರೂಪಾಯಿಯ ಹ್ಯಾಂಗರ್. ಗೇರು ಬದಲಿಸುವ ಹಿಂದಿನ ಡಿರೇಲರ್ ನೇತಾಡುವುದು ಬೆರಳುದ್ದದ ಈ ಅಲ್ಯೂಮಿನಿಯಂ ತುಂಡಿನ ಮೇಲೆ. ಬಿದ್ದಾಗ ಮೊದಲು ಬಾಗುವುದೂ ಮುರಿಯುವುದೂ ಇದೇ; ಫ್ರೇಮ್ ಉಳಿಯಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಒಂದು ಸೈಕಲ್ಲಿನದು ಇನ್ನೊಂದಕ್ಕೆ ಹೊಂದುವುದು ಅಪರೂಪ. ‘ಸಾರ್, ಅಲ್ಲಿ ಹೋಗಿ ಹುಡುಕಿದ್ರೆ ಸಿಗಲ್ಲ’ ಎಂದ. ಎರಡನೆಯ ಸಲಹೆಗೆ ಕಾಸೂ ಇಲ್ಲ: ‘ಐವತ್ತಿದೆ ಗಾಳಿ, ಮೂವತ್ತಕ್ಕೆ ಇಳಿಸ್ಕೊಳಿ ಸಾರ್.’ ಮಣ್ಣಿನಲ್ಲಿ ಟೈರು ಹಿಡಿತ ಕಂಡದ್ದು ಆ ಇಪ್ಪತ್ತು ಪಿಎಸ್‌ಐ ಬಿಟ್ಟ ಮೇಲೆಯೇ.

ಅಭ್ಯಾಸದ ಜಾಗಕ್ಕೂ ಬಾಡಿಗೆ ಕೊಡಲಿಲ್ಲ. ತುರಹಳ್ಳಿ ಕಾಡು ಅರಣ್ಯ ಇಲಾಖೆಯದು, ಒಳಗೆ ಮನಸ್ಸಿಗೆ ಬಂದಂತೆ ಸೈಕಲ್ ನುಗ್ಗಿಸುವ ಹಾಗಿಲ್ಲ. ಆದರೆ ತಲಘಟ್ಟಪುರದ ಕಡೆ ರಸ್ತೆ ಹಾಕಿ ಮನೆ ಏಳದ ಲೇಔಟುಗಳು ಬೇಕಾದಷ್ಟು. ಕೊಳ್ಳಲಾಗದ ಸೈಟಿನ ಮೇಲೆ ಪುಕ್ಕಟೆ ಸುತ್ತುವ ಸುಖವೇ ಬೇರೆ.

ನಿಜವಾಗಿ ನನ್ನ ತಲೆ ತಿಂದದ್ದು ವಿಮೆ. ರೇಸಿನಲ್ಲಿ ಬಿದ್ದರೆ ಆರೋಗ್ಯ ವಿಮೆ ಕೈಕೊಡುತ್ತದೆ ಎಂಬ ಮಾತು ಸೈಕಲ್ ಬಳಗದಲ್ಲಿ ಓಡಾಡುತ್ತಿತ್ತು. ಪಾಲಿಸಿ ತೆಗೆದು ಓದಿದೆ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಹೊರಗಿಡುವಿಕೆಗಳಿಗೆ ಒಂದೇ ಮಾದರಿಯ ಪಠ್ಯ ಗೊತ್ತುಮಾಡಿತ್ತು. ಅದರ ಪ್ರಕಾರ ಅಪಾಯಕಾರಿ, ಸಾಹಸ ಕ್ರೀಡೆಗಳಲ್ಲಿ ವೃತ್ತಿಪರರಾಗಿ ಪಾಲ್ಗೊಂಡು ಮಾಡಿಕೊಂಡ ಗಾಯಕ್ಕೆ ಮಾತ್ರ ಹಣ ಇಲ್ಲ. ಭಾನುವಾರ ಮೆಡಲ್ಲಿಗಾಗಿ ಓಡುವ ನನ್ನಂಥವರು ಆ ಸಾಲಿನೊಳಗೆ ಬರುವುದಿಲ್ಲ. ಹೊಸ ಪಾಲಿಸಿಯ 30 ದಿನಗಳ ಕಾಯುವಿಕೆಯೂ ಅಪಘಾತಕ್ಕೆ ಅನ್ವಯಿಸದು. ಆದರೆ ವೈಯಕ್ತಿಕ ಅಪಘಾತ ವಿಮೆಯ ಕಥೆ ಬೇರೆ. ರೇಸನ್ನು ಪೂರ್ತಿ ಹೊರಗಿಟ್ಟ ಪಾಲಿಸಿಗಳೂ ಇವೆ. ಸಂಬಳ ನಿಂತ ವಾರಗಳಿಗೆ ಹಣ ಕೊಡುವ ತಾತ್ಕಾಲಿಕ ಅಂಗವೈಕಲ್ಯದ ಸೌಲಭ್ಯ ಸಿಗುವುದು ಸಾಮಾನ್ಯವಾಗಿ ಅಪಘಾತ ವಿಮೆಯಲ್ಲೇ, ಹಾಗಾಗಿ ಅದು ರೇಸಿಗೂ ಅನ್ವಯಿಸುತ್ತದೆಯೇ ಎಂದು ಏಜೆಂಟರಿಂದ ಬರಹದಲ್ಲಿ ಉತ್ತರ ಪಡೆಯಿರಿ. ಸೈಕಲ್ಲಿನಿಂದ ಬಿದ್ದವರು ಹೆಚ್ಚಾಗಿ ಮುರಿದುಕೊಳ್ಳುವ ಎಲುಬುಗಳಲ್ಲಿ ಕಾಲರ್‌ಬೋನ್ ಒಂದು. ಅದಕ್ಕೆ ಪ್ಲೇಟ್ ಹಾಕಿಸಿದ ಖಾಸಗಿ ಆಸ್ಪತ್ರೆಯ ಬಿಲ್ಲಿನ ಮುಂದೆ ಸೈಕಲ್ಲಿನ ಬೆಲೆ ಏನೇನೂ ಅಲ್ಲ ಅನ್ನಿಸಬಹುದು.

ಇನ್ನು ಇಎಂಐ ಕೇಳುವವರಿಗೆ. ಶೂನ್ಯ ಬಡ್ಡಿಯ ಯೋಜನೆಗಳಿಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ತಡೆ ಹಾಕಿತು. ಈಗಿನ ‘ನೋ ಕಾಸ್ಟ್’ನಲ್ಲಿ ಬಡ್ಡಿ ಇದ್ದೇ ಇರುತ್ತದೆ, ಅಷ್ಟೇ ಮೊತ್ತವನ್ನು ರಿಯಾಯಿತಿ ಎಂದು ತೋರಿಸುತ್ತಾರೆ. ಕ್ರೆಡಿಟ್ ಕಾರ್ಡಾದರೆ ಆ ಬಡ್ಡಿಯ ಮೇಲೂ ಪ್ರೊಸೆಸಿಂಗ್ ಶುಲ್ಕದ ಮೇಲೂ ಶೇ 18ರ ಜಿಎಸ್‌ಟಿ ನಿಮ್ಮ ಕಿಸೆಯಿಂದಲೇ. ಸೈಕಲ್ಲಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ, ಒಪ್ಪಿದೆ. ಆದರೂ ಮೊದಲ ರೇಸು ಮುಗಿಸಿ, ಎರಡನೆಯದಕ್ಕೂ ಮನಸ್ಸು ಎಳೆದರೆ ಆಗ ಯೋಚಿಸಿ. ಅಷ್ಟರಲ್ಲಿ ಯಾರೋ ಉತ್ಸಾಹ ಇಳಿದವರ ಸೈಕಲ್ಲೇ ಮಾರಾಟಕ್ಕೆ ಬಂದಿರುತ್ತದೆ.

ಕರ್ನಾಟಕಕ್ಕೆ ಸೈಕ್ಲಿಂಗ್‌ನಲ್ಲಿ ಹೆಸರು ತಂದವರಲ್ಲಿ ವಿಜಯಪುರ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲ್ಲಿನ ಮಕ್ಕಳು ಮುಂದಿದ್ದಾರೆ. 2022ರಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ. ಕಾರ್ಬನ್ ಫ್ರೇಮ್ ಇಲ್ಲದೆ ಕಾಲು ಆಡುವುದಿಲ್ಲ ಎನ್ನುವ ನಮ್ಮ ಬಿಟಿಎಂ ಲೇಔಟಿನ ಗೆಳೆಯರಿಗೆ ಇದನ್ನು ಆಗಾಗ ನೆನಪಿಸುತ್ತೇನೆ.

ರೇಸಿನಲ್ಲಿ ನನಗೆ ಒಂದು ಸುತ್ತು ಹಾಕಿ ಮುಂದೆ ಹೋದ ಹುಡುಗ ‘ಅಂಕಲ್, ಎಡಕ್ಕೆ!’ ಎಂದು ಕೂಗಿದ. ಹಳ್ಳ ಏರುವಾಗ ಹದಿನಾಲ್ಕು ಕಿಲೋದ ಸೈಕಲ್ ಹೆಗಲೇರಿದಾಗ ಹಗುರ ಫ್ರೇಮಿನ ಆಸೆ ಹುಟ್ಟಿದ್ದು ಸುಳ್ಳಲ್ಲ. ಪೆಟ್ರೋಲಿನಲ್ಲಿ ನನ್ನ ಪಾಲು 300 ಸೇರಿ ಒಟ್ಟು ಖರ್ಚು 5,200. ಹ್ಯಾಂಗರ್ ಮುರಿಯಲಿಲ್ಲ, ಚೀಲದಲ್ಲೇ ಇದೆ. ಮುಂದಿನ ರೇಸಿಗೆ ಹಣ ಕಟ್ಟಿದ್ದೇನೆ. ಅದಕ್ಕೆ ಮೊದಲು ಮುಂದಿನ ಟೈರು ಬದಲಿಸಬೇಕು, ಹಿಂದಿನದು ಇನ್ನೂ ಓಡುತ್ತದೆ.